ಸವಾಲು ಕೂಗಿದವರು, ಸಂತೆ ಹಿಡಿದವರು

ಎಲ್ಲರಿಗೂ ನಮಸ್ಕಾರ. ‘ಸವಾಲು’ ಪದದ ಬಗ್ಗೆ ಒಂದು ಪ್ರಶ್ನೆ ಇದೆ.

ಇವತ್ತಿನ ಪೇಪರು, ಟೀವಿಯಲ್ಲಿ ಈ ಪದಕ್ಕೆ ಹೆಚ್ಚುಕಮ್ಮಿ ಒಂದೇ ಅರ್ಥ. ಎದುರಿಗೆ ಬಂದು ನಿಂತ ಕಷ್ಟ, ಇಲ್ಲವೇ ಪಂಥ. ಆದರೆ ನಮ್ಮ ದಾವಣಗೆರೆ ಕಡೆ ವಯಸ್ಸಾದವರ ಹತ್ತಿರ ಸವಾಲು ಅಂದು ನೋಡಿ, ಅವರಿಗೆ ಮೊದಲು ಹೊಳೆಯುವುದು ಹರಾಜು. ‘ಅವನು ಎಷ್ಟಕ್ಕೆ ಸವಾಲು ಕೂಗಿದ?’, ‘ನನ್ನ ಸವಾಲಿನ ಮೇಲೆ ಇನ್ನೊಬ್ಬ ಏರಿಸಿಬಿಟ್ಟ’, ‘ಸವಾಲು ಅವನ ಹೆಸರಿಗೆ ಅಖೈರಾಯಿತು’ (ಅಂದರೆ ಪಕ್ಕಾ ಆಯಿತು) ಅನ್ನುತ್ತಾರೆ. ಇಲ್ಲಿ ಕಷ್ಟವೂ ಇಲ್ಲ, ಪಂಥವೂ ಇಲ್ಲ. ಹರಾಜಿನಲ್ಲಿ ಕೂಗಿದ ಬೆಲೆಯೇ ಸವಾಲು.

ಈ ಅರ್ಥ ಇಷ್ಟು ಗಟ್ಟಿಯಾಗಿ ನಿಂತದ್ದಕ್ಕೆ ಹಳೇ ಮುನಿಸಿಪಾಲಿಟಿಗಳೂ ಒಂದು ಕಾರಣ ಅಂತ ನನ್ನ ಎಣಿಕೆ. ದಾವಣಗೆರೆಗೆ ಪುರಸಭೆ ಬಂದದ್ದು 1870ರಲ್ಲಿ. ಮೈಸೂರು ಸಂಸ್ಥಾನ 1906ರಲ್ಲಿ ಪುರಸಭೆಗಳಿಗೆ ಅಂತಲೇ ಒಂದು ಕಾನೂನು ತಂದಿತು. ಆಗಿನ ಎಷ್ಟೋ ಸಣ್ಣ ಊರುಗಳಲ್ಲಿ ಅಮಲ್ದಾರರೇ, ಅಂದರೆ ತಾಲ್ಲೂಕಿನ ಅಧಿಕಾರಿಗಳೇ, ಪುರಸಭೆಗೂ ಅಧ್ಯಕ್ಷರು. ಕೈಯಲ್ಲಿ ದುಡ್ಡು ಕಮ್ಮಿ, ಕೆಲಸ ಜಾಸ್ತಿ. ಬೀದಿ ಗುಡಿಸಬೇಕು, ಸೀಮೆಎಣ್ಣೆ ದೀಪ ಹಚ್ಚಿಸಬೇಕು, ಪ್ಲೇಗು ಬಂದರೆ ಊರಾಚೆ ಗುಡಿಸಲು ಹಾಕಿಸಬೇಕು. ಮನೆಗಂದಾಯ ಒಂದರಿಂದ ಇದೆಲ್ಲ ನಡೆಯುವುದಲ್ಲ. ಹಾಗಾಗಿ ಸಣ್ಣಪುಟ್ಟ ಆದಾಯಗಳನ್ನು ವರ್ಷಕ್ಕಿಷ್ಟು ಅಂತ ಹರಾಜಿಗೆ ಬಿಡುವುದು ವಾಡಿಕೆ. ಸಂತೆಯ ನೆಲಸುಂಕ, ಬಂಡಿ ನಿಲ್ಲಿಸುವ ಜಾಗದ ಸುಂಕ, ಕಸದ ಗೊಬ್ಬರ, ಕೆರೆಯ ಮೀನು, ಸಾಲುಮರದ ಹುಣಸೆಹಣ್ಣು, ಹೀಗೆ.

ಡಂಗುರ ಹೊಡೆಸಿ, ಇಸ್ತಿಹಾರು (ಪ್ರಕಟಣೆ) ಅಂಟಿಸಿ, ಗೊತ್ತಾದ ದಿನ ಜನರನ್ನು ಸೇರಿಸುತ್ತಿದ್ದರು. ಠೇವಣಿ ಕಟ್ಟಿದವನು ಮಾತ್ರ ಕೂಗಬಹುದು. ಇಷ್ಟಕ್ಕಿಂತ ಕೆಳಗೆ ಕೊಡುವುದಿಲ್ಲ ಅಂತ ಕಚೇರಿಯವರೇ ಮೊದಲು ಇಡುವ ಬೆಲೆಗೆ ‘ಸರ್ಕಾರಿ ಸವಾಲು’ ಅಂತ ಹೆಸರು. ಅಲ್ಲಿಂದ ಮೇಲೆ ಎಂಟಾಣೆ, ಒಂದು ರೂಪಾಯಿ ಅಂತ ಏರುತ್ತಾ ಹೋಗುವುದು. ಹಳೇ ಲೆಕ್ಕದಲ್ಲಿ ಇಂಥ ಬೆಲೆ 12-8-0 ಅನ್ನುವ ಹಾಗೆ ಬರುತ್ತದೆ, ಅಂದರೆ ಹನ್ನೆರಡು ರೂಪಾಯಿ ಎಂಟಾಣೆ ಸೊನ್ನೆ ಪೈ. ಹದಿನಾರಾಣೆಯ ಕಾಲ ನೋಡದ ಹುಡುಗರು ಇದನ್ನು ತಾರೀಖು ಅಂತ ಓದಿಕೊಂಡರೆ ತಪ್ಪೇನಿಲ್ಲ ಬಿಡಿ.

ಈಗ ಪದಕ್ಕೆ ಬರೋಣ. ‘ಸವಾಲು’ ಮೂಲದಲ್ಲಿ ಅರಬ್ಬಿ, ಹಿಂದೂಸ್ತಾನಿಯ ಮೂಲಕ ನಮ್ಮಲ್ಲಿಗೆ ಬಂದದ್ದು. ಅದರ ಅರ್ಥ ಪ್ರಶ್ನೆ, ಕೇಳುವುದು. ಕೋರ್ಟಿನ ‘ಪಾಟೀಸವಾಲು’ ಪದದಲ್ಲಿ ಆ ಅರ್ಥ ಇನ್ನೂ ಹಾಗೇ ಉಳಿದಿದೆ, ಅಲ್ವಾ? ಹಾಗಾದರೆ ಕೇಳುವುದು ಅನ್ನುವ ಪದ ಹರಾಜಿನಲ್ಲಿ ಬೆಲೆ ಹೇಗಾಯಿತು?

ಇದಕ್ಕೆ ಉತ್ತರ ನಮ್ಮ ಕನ್ನಡದ ‘ಕೇಳು’ ಪದದಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಎತ್ತು ಮಾರಲು ಸಂತೆಗೆ ಹೋಗಿ ಬಂದವನನ್ನು ‘ಎಷ್ಟಕ್ಕೆ ಕೇಳಿದರು?’ ಅನ್ನುತ್ತೇವೆ. ಕೊಳ್ಳುವವನು ಎಷ್ಟು ಕೊಡಲು ಮುಂದೆ ಬಂದ ಅಂತ ಅದರ ಅರ್ಥ. ‘ಯಾರೂ ಕೇಳೋರೇ ಇಲ್ಲ’ ಅಂದರೆ ಗಿರಾಕಿ ಇಲ್ಲ. ಅಂದರೆ ಕೊಳ್ಳುವ ಬೆಲೆ ಹೇಳುವುದಕ್ಕೆ ನಾವು ಮೊದಲಿನಿಂದ ‘ಕೇಳುವುದು’ ಅಂತಲೇ ಅನ್ನುತ್ತಿದ್ದೆವು. ಕಚೇರಿ ಮಾತಿನಲ್ಲಿ ಅದೇ ‘ಸವಾಲು’ ಆಯಿತು. ಹೊರಗಿನ ಪದವಾದರೂ ಕೂತದ್ದು ನಮ್ಮ ಪದದ ಜಾಗದಲ್ಲೇ.

ಸವಾಲಿನ ಜೊತೆಗೆ ಬರುವ ಇನ್ನೊಂದು ಬಳಕೆ ‘ಹಿಡಿ’. ಹರಾಜು ಗೆದ್ದವನು ಸಂತೆ ‘ಹಿಡಿದವನು’. ‘ಈ ವರ್ಷ ಸಂತೆ ಯಾರು ಹಿಡಿದಾರೆ?’ ಅಂದರೆ ಸುಂಕ ಎತ್ತುವ ಗುತ್ತಿಗೆ ಯಾರದು ಅಂತ. ಹುಣಸೆಮರ ಹಿಡಿದವನು ಇರುತ್ತಾನೆ, ಕೆರೆ ಹಿಡಿದವನು ಇರುತ್ತಾನೆ. ಕೆರೆ ಹಿಡಿದವನು ಒಂದು ಮೀನನ್ನೂ ಕೈಯಾರೆ ಹಿಡಿದಿರುವುದಿಲ್ಲ, ಅದು ಬೇರೆ ಮಾತು. ನಿಘಂಟಿನಲ್ಲಿ ‘ಹಿಡಿ’ಗೆ ಕೊಡುವ ಅರ್ಥಗಳಲ್ಲಿ ಇದನ್ನು ಬೇರೆಯಾಗಿ, ಉದಾಹರಣೆ ಸಮೇತ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ‘ಗುತ್ತಿಗೆ ಹಿಡಿ’ ಅಂತ ಪೂರ್ತಿ ಹೇಳಿದರೆ ಯಾರಿಗಾದರೂ ತಿಳಿಯುತ್ತದೆ. ಬರೀ ‘ಸಂತೆ ಹಿಡಿದ’ ಅಂದರೆ ಹೊಸಬರು ತಬ್ಬಿಬ್ಬಾಗುತ್ತಾರೆ.

ನಮ್ಮ ಭಾಗದ ಇನ್ನೊಂದು ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಗ ದಾವಣಗೆರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹರಿಹರದಲ್ಲಿ ಹೊಳೆ ದಾಟಿದರೆ ರಾಣೆಬೆನ್ನೂರು ಕಡೆ, ಅದು ಆಗ ಮುಂಬಯಿ ಪ್ರಾಂತ್ಯ. ಇತ್ತ ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯದು, ಅಂದರೆ ಮದರಾಸು ಪ್ರಾಂತ್ಯ. ಹತ್ತಿ, ಜೋಳ, ಕಂಬಳಿಯ ವ್ಯಾಪಾರಕ್ಕೆ ಮೂರೂ ಕಡೆಯವರು ಬರುತ್ತಿದ್ದ ಪೇಟೆ ಇದು. ತಾಲ್ಲೂಕಿನ ಅಧಿಕಾರಿ ನಮಗೆ ಅಮಲ್ದಾರ, ಹೊಳೆಯಾಚೆಯವರಿಗೆ ಮಾಮಲೇದಾರ, ಹರಪನಹಳ್ಳಿಯವರಿಗೆ ತಹಶೀಲ್ದಾರ. ಊರ ಲೆಕ್ಕ ಬರೆಯುವವನು ಇಲ್ಲಿ ಶಾನುಭೋಗ, ಅಲ್ಲಿ ಕುಲಕರ್ಣಿ, ಮತ್ತೊಂದು ಕಡೆ ಕರಣಂ. ಒಂದು ದಿನದ ಬಂಡಿ ದಾರಿಯಲ್ಲಿ ಮೂರು ಸರ್ಕಾರದ ಮಾತು. ಇನ್ನೂ ಹಿಂದಕ್ಕೆ ಹೋದರೆ ಹೈದರಾಲಿ ಈ ಊರನ್ನು ಅಪ್ಪಾಜಿರಾಮ ಅನ್ನುವ ಮರಾಠ ಸರದಾರನಿಗೆ ಜಹಗೀರು ಕೊಟ್ಟಿದ್ದ. ವ್ಯಾಪಾರಿಗಳನ್ನು ಕರೆದು ಪೇಟೆ ಬೆಳೆಸಿದ್ದು ಅವನೇ. ಹಾಗಾಗಿ ಇಲ್ಲಿಯ ಕಚೇರಿ ಮಾತು, ಮಂಡಿ ಮಾತು ಮೊದಲಿಂದಲೂ ಬೆರಕೆ.

ಅದಕ್ಕೇ ‘ಹರಾಜು’ ಮತ್ತು ಅದೇ ಅರ್ಥದ ‘ಲಿಲಾವು’ ಎರಡೂ ಇಲ್ಲಿ ಕಿವಿಗೆ ಬೀಳುತ್ತವೆ. ಹರಾಜು ಅರಬ್ಬಿ ಕಡೆಯದು. ಲಿಲಾವು ಪೋರ್ಚುಗೀಸರಿಂದ ಮರಾಠಿಗೆ ಬಂದು, ಅಲ್ಲಿಂದ ಧಾರವಾಡ ಸೀಮೆ ಹೊಕ್ಕಿತು. ಊರಿಗೆ ಬರುವ ಸರಕಿನ ಮೇಲೆ ಹಾಕುತ್ತಿದ್ದ ಸುಂಕದ್ದೂ ಇದೇ ಕಥೆ. ಉತ್ತರದ ಕಡೆ ಅದು ‘ಜಕಾತಿ’, ಕಟ್ಟುವ ಜಾಗ ‘ನಾಕಾ’. ಮೈಸೂರು ಕಡೆ ‘ಸುಂಕದಕಟ್ಟೆ’, ‘ಉಕ್ಕಡ’. ಕಚೇರಿಯವರಿಗೆ ‘ಆಕ್ಟ್ರಾಯ್’. 1979ರಲ್ಲಿ ಆ ಸುಂಕವೇ ಹೋಯಿತು, ಆದರೂ ‘ನಾಕಾ’ ಹೋಗಲಿಲ್ಲ. ನಮ್ಮ ಚೌಕಿಪೇಟೆಯ ‘ಚೌಕಿ’ಯೂ ಇದೇ ಬಳಗದ್ದೇ? ಕಾವಲಿನ ಚೌಕಿಯೋ, ಸುಂಕದ ಚೌಕಿಯೋ? ಹಳೇ ಪೇಟೆಯ ಹಿರಿಯರು ಯಾರಾದರೂ ಇದ್ದರೆ ಹೇಳಿ.

ಇನ್ನು ಪಂಥದ ಅರ್ಥ. ಹರಾಜಿನಲ್ಲಿ ಒಬ್ಬರ ಮೇಲೊಬ್ಬರು ಏರಿಸುತ್ತಾರಲ್ಲ, ಅದರಿಂದಲೇ ‘ಸವಾಲು ಹಾಕು’ ಬಂತು ಅಂತ ಕೆಲವರು ಹೇಳುತ್ತಾರೆ. ನನಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಹರಾಜಿನಲ್ಲಿ ಸವಾಲು ‘ಕೂಗುತ್ತಾರೆ’, ‘ಏರಿಸುತ್ತಾರೆ’. ‘ಹಾಕುವುದು’, ‘ಎಸೆಯುವುದು’ ಪಂಥದಲ್ಲಿ ಮಾತ್ರ. ಲಾವಣಿ, ಗೀಗೀ ಮೇಳದ ಸವಾಲ್-ಜವಾಬೇ ಪಂಥದ ಅರ್ಥಕ್ಕೆ ಹತ್ತಿರ ಅನ್ನಿಸುತ್ತದೆ. ಅಲ್ಲಿ ಹರದೇಶಿ, ನಾಗೇಶಿ ಅಂತ ಎದುರುಬದುರಿನ ಎರಡು ಪಕ್ಷ. ಹರದೇಶಿಯವರು ಒಂದು ಒಗಟಿನಂಥ ಪ್ರಶ್ನೆ ಇಡುತ್ತಾರೆ, ನಾಗೇಶಿಯವರು ಬಿಡಿಸಬೇಕು. ಬಿಡಿಸದಿದ್ದರೆ ಸೋತಂತೆ. ಅಲ್ಲಿ ಪ್ರಶ್ನೆಯೇ ಪಂಥ. ಹಾಗಾಗಿ ಒಂದೇ ‘ಕೇಳುವುದು’ ಕಚೇರಿಯಲ್ಲಿ ಬೆಲೆಯಾಯಿತು, ಮೇಳದಲ್ಲಿ ಪಂಥವಾಯಿತು. ಎರಡೂ ಬೇರೆ ಬೇರೆ ದಾರಿಯಲ್ಲಿ ಹೋದವು ಅನ್ನುವುದು ನನ್ನ ವಾದ. ಒಪ್ಪದವರು ದಯವಿಟ್ಟು ಬಳಕೆಯ ಉದಾಹರಣೆ ಕೊಟ್ಟೇ ಒಪ್ಪದಿರಿ.

ಈ ಹಳೇ ಅರ್ಥ ಪೂರ್ತಿ ಸತ್ತಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನಲ್ಲಿ ಪ್ರತಿ ವರ್ಷ ಮುಕ್ತಿಬಾವುಟ ಹರಾಜಾಗುತ್ತದೆ. ಅಂಥ ಕಡೆ ಕಿವಿಗೊಟ್ಟರೆ ಪದ ಸಿಗುತ್ತದೆ. ಆದರೆ ಪೇಪರಿನವರು ‘ಬಿಡ್’ ಅಂತ ಬರೆಯುತ್ತಾರೆ, ಕಚೇರಿಯವರು ಎಲ್ಲದಕ್ಕೂ ‘ಟೆಂಡರ್’ ಅನ್ನುತ್ತಾರೆ. ಕೂಗುವ ಹರಾಜಿಗೂ ಮುಚ್ಚಿದ ಲಕೋಟೆಗೂ ವ್ಯತ್ಯಾಸ ಇದೆಯಲ್ಲ ಸ್ವಾಮಿ? ಲಕೋಟೆಯಲ್ಲಿ ಯಾರೂ ಕೂಗುವುದಿಲ್ಲ.

ನನಗೆ ಬೇಕಾದದ್ದು ಇಷ್ಟು. ಚಿತ್ರದುರ್ಗ, ಚಳ್ಳಕೆರೆ, ಹೊಸದುರ್ಗದ ಕಡೆ ಹರಾಜಿನ ‘ಸವಾಲು’ ಈಗಲೂ ಇದೆಯೇ? ‘ಸವಾಲುದಾರ’ ಅನ್ನುತ್ತೀರೋ, ‘ಕೂಗಿದವನು’ ಅನ್ನುತ್ತೀರೋ? ಇನ್ನೊಂದು, ದೀಪ ಹಚ್ಚುವುದು, ರಸ್ತೆಗೆ ಕಲ್ಲು ಹಾಕಿಸುವುದು ಮುಂತಾದ ಕೆಲಸ ಯಾರು ಕಮ್ಮಿಗೆ ಒಪ್ಪುತ್ತಾರೋ ಅವರಿಗೆ ಸಿಗುತ್ತದೆ. ಅಲ್ಲಿ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಟೆಂಡರ್ ಅನ್ನುವ ಪದ ಬಾಯಿಗೆ ಬರುವ ಮೊದಲು ಈ ಇಳಿಸುವ ಕೂಗಿಗೆ ನಿಮ್ಮ ಊರಲ್ಲಿ ಏನನ್ನುತ್ತಿದ್ದರು?