ಕೆಟಲ್ ಗ್ರಿಲ್‌ಗೆ ಮರದ ಗಾಡಿ: ಯಾವ ಮರ, ಬೆಂಕಿಗೂ ಮರಕ್ಕೂ ಎಷ್ಟು ಸಂದು?

ರಾಲಿ_ಹಿತ್ತಲು (ರಾಲಿ, ನಾರ್ತ್ ಕೆರೊಲಿನಾ)

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ 22 ಇಂಚಿನ ವೆಬರ್ ಕೆಟಲ್ ಇದೆ, ಅಂದರೆ ಮುಚ್ಚಳ ಇರುವ ದುಂಡು ಬೋಗುಣಿಯಂಥ ಗ್ರಿಲ್, ಇದ್ದಿಲಿನದು, ಮೂರು ಕಾಲಿನದು. ಗ್ರಿಲ್ ಬಗ್ಗೆ ನನ್ನ ತಕರಾರಿಲ್ಲ. ಅದರ ಅಕ್ಕಪಕ್ಕ ಏನನ್ನೂ ಇಡಲು ಜಾಗ ಇಲ್ಲ, ಅದೇ ತಕರಾರು. ಮಸಾಲೆ ಹಚ್ಚಿದ ಕೋಳಿಯ ಪಾತ್ರೆ ಕುರ್ಚಿ ಮೇಲೆ, ಇಕ್ಕಳ ಹುಲ್ಲಿನ ಮೇಲೆ, ಜೋಳದ ತೆನೆ ಮೆಟ್ಟಿಲ ಮೇಲೆ. ಅಮ್ಮ ಊರಿಂದ ಬಂದಿದ್ದಾರೆ. ಅವರಿಗೆ ಕೆಂಡದಲ್ಲಿ ಸುಟ್ಟ ಬದನೆಕಾಯಿ ಗೊಜ್ಜು ಬೇಕೇ ಬೇಕು. ಆದರೆ ಕೋಳಿ ಇಟ್ಟ ಜಾಗದಲ್ಲಿ ಬದನೆಕಾಯಿ ಇಟ್ಟರೆ ಊಟಕ್ಕೇ ಕೂರುವುದಿಲ್ಲ. ಹಾಗಾಗಿ ಎಡಕ್ಕೊಂದು, ಬಲಕ್ಕೊಂದು ಹಲಗೆ ಇರುವ ಮರದ ಗಾಡಿ ಮಾಡಬೇಕು ಅಂದುಕೊಂಡಿದ್ದೇನೆ.

ಮರಗೆಲಸ ಹೊಸದಲ್ಲ. ಪುಸ್ತಕದ ಕಪಾಟು, ಮಕ್ಕಳ ಮೇಜು ನಾನೇ ಮಾಡಿದ್ದು. ಆದರೆ ಬೆಂಕಿ ಪಕ್ಕ ಮರ ಇಡುವ ಕೆಲಸ ಇದೇ ಮೊದಲು. ಚಿತ್ರಗಳಲ್ಲಿ ನೋಡಿದರೆ ಮೇಜಿಗೆ ದುಂಡಗೆ ತೂತು ಕೊರೆದು ಗ್ರಿಲ್‌ನ ಬೋಗುಣಿಯನ್ನು ಅದರೊಳಗೆ ಇಳಿಬಿಟ್ಟಿರುತ್ತಾರೆ. ಚಂದ ಏನೋ ಇದೆ. ಕಾದ ಬೋಗುಣಿ ಮರಕ್ಕೆ ತಾಗಿಕೊಂಡೇ ಇರುತ್ತದಲ್ವಾ? ಎಷ್ಟು ಸಂದು ಬಿಡಬೇಕು?

ಆಮೇಲೆ ಮರ. ಅಗ್ಗಕ್ಕೆ ಸಿಗುವ ಪ್ರೆಷರ್ ಟ್ರೀಟೆಡ್ ಪೈನ್ (ಕೊಳೆಯದ ಹಾಗೆ ಔಷಧಿ ಹೀರಿಸಿದ ಮರ) ಸಾಕಾ? ಇಲ್ಲಿ ಬೇಸಿಗೆಯಲ್ಲಿ ವಿಪರೀತ ಸೆಕೆ, ಸಂಜೆಯಾದರೆ ಗುಡುಗು ಮಳೆ, ಗಾಡಿ ವರ್ಷವಿಡೀ ಹೊರಗೇ ಇರುತ್ತದೆ. ಕಲ್ಲು ಹಾಸಿದ ಕಡೆಯಿಂದ ಹುಲ್ಲಿನ ಮೇಲೂ ಎಳೆದುಕೊಂಡು ಹೋಗಬೇಕು. ಚಕ್ರ ಯಾವುದು ಹಾಕಲಿ?

"ಸುಮ್ನೆ ಸ್ಟೀಲ್ ಟೇಬಲ್ ತಗೊಳ್ಳಿ" ಅನ್ನುವವರು ದಯವಿಟ್ಟು ಬೇಡ. ಆ ಮಾತು ಮನೆಯಲ್ಲೇ ಆಗಿ ಹೋಗಿದೆ.

ಜರ್ಸಿ_ಜೋಳ (ನ್ಯೂಜರ್ಸಿ)

ಸುಮ್ನೆ ಸ್ಟೀಲ್ ಟೇಬಲ್ ತಗೊಳ್ಳಿ 😀

ಸರಿ ಸರಿ, ಬೈಯಬೇಡಿ. ಒಂದು ವಿಷಯ ಮಾತ್ರ ಕೇಳುತ್ತೇನೆ. ನಿಮ್ಮದು ಸ್ವಂತ ಮನೆಯಾ, ಅಪಾರ್ಟ್‌ಮೆಂಟಾ? ಅಮೆರಿಕದ ಎಷ್ಟೋ ಊರುಗಳು ಒಪ್ಪಿಕೊಂಡಿರುವ ಫೈರ್ ಕೋಡ್ ಪ್ರಕಾರ ಉರಿಯುವಂಥ ಬಾಲ್ಕನಿಯ ಮೇಲಾಗಲಿ, ಉರಿಯುವಂಥ ಕಟ್ಟಡದಿಂದ 10 ಅಡಿ ಒಳಗಾಗಲಿ ಇದ್ದಿಲು ಹಚ್ಚುವಂತಿಲ್ಲ. ಒಂದು ಅಥವಾ ಎರಡು ಸಂಸಾರದ ಮನೆಗಳಿಗೆ ಮತ್ತು ಸ್ಪ್ರಿಂಕ್ಲರ್ ಇರುವ ಕಡೆ ವಿನಾಯಿತಿ ಇದೆ. ನಮ್ಮದು ಮೂರನೇ ಮಹಡಿ. ಹಾಗಾಗಿ ನಾನು ಗ್ರಿಲ್ ಮಾಡುವುದು ಪಾರ್ಕಿನಲ್ಲಿ, ನನ್ನ ಸಲಹೆಗೂ ಅಷ್ಟೇ ಬೆಲೆ.

ಉಳಿ_ಸುತ್ತಿಗೆ (ಮಿಲ್ವಾಕೀ, ಊರು ತೀರ್ಥಹಳ್ಳಿ)

ಮೇಡಂ, ತೂತು ಕೊರೆಯಬೇಡಿ. ಕೊರೆದು ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಸರಿಯಾಗಿ ಮಾಡಿದರೆ ತೊಂದರೆಯೂ ಇಲ್ಲ. ಆದರೆ ಆಗ ಬೋಗುಣಿಯ ಭಾರ ಹೊರಲು ಸ್ಟೀಲ್ ಬ್ರಾಕೆಟ್ ಬೇಕು, ಅವುಗಳ ಸ್ಕ್ರೂ ಬಿಸಿ ಹತ್ತಿರದ ಮರಕ್ಕೇ ಹೋಗುತ್ತದೆ. ಅದರ ಬದಲು ಮೇಜಿನ ಮುಂದಿನ ಅಂಚಿನಿಂದ ಲಾಳದ ಆಕಾರದಲ್ಲಿ ಕತ್ತರಿಸಿ. ಕೆಟಲ್ ತನ್ನ ಮೂರು ಕಾಲಿನ ಮೇಲೇ, ಗಾಡಿಯ ಕೆಳಗಿನ ಅಟ್ಟದ ಮೇಲೆ ನಿಲ್ಲಲಿ. ಮೇಲಿನ ಹಲಗೆ ಅದನ್ನು ಮೂರು ಕಡೆಯಿಂದ ಬಳಸಿಕೊಂಡಿರಲಿ, ಮುಟ್ಟುವುದು ಬೇಡ. ತೊಳೆಯಬೇಕಾದಾಗ ಮುಂದಿನಿಂದ ಎತ್ತಿ ಈಚೆ ತೆಗೆಯಬಹುದು. ಖಾಲಿ ಕೆಟಲ್ ಹದಿನೈದು ಕೆಜಿ ಆಸುಪಾಸು, ಅಷ್ಟೇ.

ಅಂದಹಾಗೆ ಈ ಬೋಗುಣಿ ಹುಟ್ಟಿದ್ದು ನಮ್ಮ ಕಡೆಯೇ. 1952ರಲ್ಲಿ ಶಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನ ಮೇಲೆ ತೇಲಿಬಿಡುವ ಕಬ್ಬಿಣದ ಬುರುಡೆಯನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಕೆಳಗಿನದಕ್ಕೆ ಕಾಲು ಹಚ್ಚಿ, ಮೇಲಿನದನ್ನು ಮುಚ್ಚಳ ಮಾಡಿದ. ಕಾಲು ಇದ್ದೇ ಹುಟ್ಟಿದ್ದು. ಈಗ ಯಾಕೆ ಕೀಳಬೇಕು?

ಸಂದು ಎಷ್ಟು ಅಂತ ಕೇಳಿದಿರಿ. ನಾನು ಸುತ್ತಲೂ ಎರಡು ಇಂಚಿಗೆ ಕಡಿಮೆ ಬಿಡುವುದಿಲ್ಲ. ಅಳೆಯುವಾಗ ಬೋಗುಣಿಯ ಅಂಚಿನಿಂದ ಅಳೆಯಬೇಡಿ. ಪಕ್ಕಕ್ಕೆ ಚಾಚಿರುವ ಹಿಡಿಗಳನ್ನೂ ಸೇರಿಸಿ ಅಳೆಯಿರಿ. ಮರ ಸಾಮಾನ್ಯವಾಗಿ 250ರಿಂದ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೊತ್ತಿಕೊಳ್ಳುತ್ತದೆ. ನಿಧಾನಕ್ಕೆ ಬೇಯಿಸುವಾಗ ಕೆಟಲ್ ಒಳಗೆ 110–120 ಇರುತ್ತದೆ. ಒಂದು ಚಿಮಣಿ (ಇದ್ದಿಲು ಹೊತ್ತಿಸುವ ಕೊಳವೆಯಂಥ ಡಬ್ಬಿ) ತುಂಬ ಕೆಂಡ ಸುರಿದು ಗಾಳಿ ಪೂರ್ತಿ ಬಿಟ್ಟರೆ 260 ದಾಟುವುದು ಕಷ್ಟವೇ ಅಲ್ಲ. ಒಂದೇ ದಿನಕ್ಕೆ ಮರ ಹೊತ್ತಿಕೊಳ್ಳುತ್ತದೆ ಅಂತಲ್ಲ. ಒಂದೇ ಜಾಗ ಪದೇಪದೇ ಕಾದು ಒಣಗಿದರೆ ಆ ಮರ ಕಪ್ಪಾಗುತ್ತಾ ಹೋಗುತ್ತದೆ, ಆಮೇಲೆ ಇನ್ನೂ ಕಡಿಮೆ ಬಿಸಿಗೂ ಹೊತ್ತಬಹುದು. ನಮ್ಮ ಪಕ್ಕದ ಮನೆಯ ಮೇಜಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೇಲಿನಿಂದ ಪಾಲಿಶ್ ಫಳಫಳ ಅನ್ನುತ್ತದೆ. ಬಗ್ಗಿ ತೂತಿನ ಅಂಚಿನ ಕೆಳಭಾಗ ನೋಡಿದರೆ ಇದ್ದಿಲು. ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ.

ಲಾಳದ ಒಳ ಅಂಚಿಗೆ ತೆಳು ಸ್ಟೇನ್‌ಲೆಸ್ ಪಟ್ಟಿ ಕೊಡಿ. ಆದರೆ ಮರಕ್ಕೆ ಅಂಟಿಸಿ ಹೊಡೆದರೆ ಉಪಯೋಗ ಇಲ್ಲ, ಬಿಸಿ ನೇರ ಒಳಗೆ ಹೋಗುತ್ತದೆ. ಮಧ್ಯೆ ವಾಷರ್ ಅಥವಾ ಸಣ್ಣ ಕೊಳವೆ ತುಂಡು ಇಟ್ಟು ಅರ್ಧ ಇಂಚು ಈಚೆ ನಿಲ್ಲಿಸಿ, ಹಿಂದೆ ಗಾಳಿ ಆಡಲಿ. ಮೊದಲ ಸಲ ಜೋರಾಗಿ ಉರಿಸಿ ಒಂದು ಗಂಟೆ ಬಿಟ್ಟು ಮರದ ಅಂಚು ಮುಟ್ಟಿ ನೋಡಿ. ಕೈ ಇಟ್ಟುಕೊಂಡಿರಲು ಆಗದಿದ್ದರೆ ಸಂದು ಸಾಲದು ಅಂತ ಅರ್ಥ.

ಬೂದಿಯ ಕಡೆ ಗಮನ ಕೊಡಿ. ಚಿತ್ರ ನೋಡಿ ಮಾಡುವವರು ಇದನ್ನೇ ಮರೆಯುವುದು. ಬೋಗುಣಿಯ ಅಡಿಯಲ್ಲಿ ಗಾಳಿ ಕಂಡಿ, ಅದನ್ನು ತಿರುಗಿಸುವ ಸಣ್ಣ ಹಿಡಿ, ಕೆಳಗೆ ಬೂದಿ ತಟ್ಟೆ. ಕೈಗವಸು ಹಾಕಿದ ಕೈ ಆ ಹಿಡಿಯವರೆಗೂ ಆರಾಮಾಗಿ ಹೋಗಬೇಕು, ತಟ್ಟೆ ಕಳಚಿ ಈಚೆ ಬರಬೇಕು. ಮುಂಭಾಗಕ್ಕೆ ಚಂದ ಕಾಣಲಿ ಅಂತ ಅಡ್ಡಪಟ್ಟಿ ಹೊಡೆದರೆ ಎರಡೂ ಆಗುವುದಿಲ್ಲ. ಕಂಡಿಯಿಂದ ಕಿಡಿ ಹಾರಿ ಕೆಳಗಿನ ಅಟ್ಟಕ್ಕೆ ಬೀಳುವುದೂ ಉಂಟು. ಅಲ್ಲಿ ಮೂರೂ ಕಾಲಿನ ಕೆಳಗೆ ಬರುವಷ್ಟು ಅಗಲಕ್ಕೆ ಕಾಂಕ್ರೀಟಿನ ಪೇವರ್ (ನೆಲಕ್ಕೆ ಹಾಸುವ ಬಿಲ್ಲೆ) ಹಾಸಿ. ಕೆಟಲ್‌ಗೆ ತನ್ನದೇ ಎರಡು ಚಕ್ರ ಇರುತ್ತವೆ. ಅವು ಉರುಳದ ಹಾಗೆ ಹಿಂದೆ ಮುಂದೆ ರೀಪರ್ ತುಂಡು ಬಡಿಯಿರಿ.

ಮರದ ವಿಷಯಕ್ಕೆ ಬಂದರೆ, ನಿಮ್ಮ ಕಡೆ ಸೈಪ್ರೆಸ್ ಸುಲಭವಾಗಿ ಸಿಗುತ್ತದೆ. ನಾನಾಗಿದ್ದರೆ ಅದನ್ನೇ ತರುತ್ತಿದ್ದೆ. ಸೀಡರ್ ಹಗುರ, ಕೊಳೆಯುವುದು ಕಡಿಮೆ, ಆದರೆ ಮೆತ್ತಗೆ. ಎರಕದ ಬಾಣಲೆ ದೊಪ್ ಅಂತ ಇಟ್ಟರೆ ಅಚ್ಚು ಬೀಳುತ್ತದೆ. ವೈಟ್ ಓಕ್ ಗಟ್ಟಿ, ನೀರಿಗೂ ಸೈ, ಭಾರ ಮಾತ್ರ ಜಾಸ್ತಿ. ರೆಡ್ ಓಕ್ ಬೇಡವೇ ಬೇಡ. ಅದರ ಸಣ್ಣ ತುಂಡಿನ ಒಂದು ತುದಿಗೆ ಸೋಪಿನ ನೀರು ಹಚ್ಚಿ ಇನ್ನೊಂದು ತುದಿಯಿಂದ ಊದಿ, ಗುಳ್ಳೆ ಬರುತ್ತದೆ. ಅಷ್ಟು ತೆರೆದ ರಂಧ್ರ. ಮಳೆ ನೀರು ಬಿಡುತ್ತದಾ?

ಟ್ರೀಟೆಡ್ ಪೈನ್ ಕೆಳಗಿನ ಚೌಕಟ್ಟಿಗೆ ಇರಲಿ, ಬದನೆಕಾಯಿ ಹೆಚ್ಚುವ ಹಲಗೆಗೆ ಬೇಡ. 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಆರ್ಸೆನಿಕ್ ಹಾಕುವುದನ್ನು ನಿಲ್ಲಿಸಿದರು, ಈಗಿರುವುದು ತಾಮ್ರದ ಔಷಧಿ. ಅದು ಸಾದಾ ಸ್ಕ್ರೂಗಳನ್ನು ತಿಂದು ಹಾಕುತ್ತದೆ, ಸ್ಟೇನ್‌ಲೆಸ್ಸೇ ಹಾಕಿ. ಓಕ್, ಸೀಡರ್‌ಗೂ ಇದೇ ಮಾತು. ಕಬ್ಬಿಣ ತಾಗಿ ಒದ್ದೆಯಾದರೆ ಸ್ಕ್ರೂ ಸುತ್ತ ಕಪ್ಪು ಕಲೆ. ಮತ್ತೆ, ಉಳಿದ ಟ್ರೀಟೆಡ್ ತುಂಡುಗಳನ್ನು ಗ್ರಿಲ್‌ಗೆ ಹಾಕಿ ಸುಡಬೇಡಿ. ಹಳೆಯದಾದರಂತೂ ಹೊಗೆ, ಬೂದಿ ಎರಡೂ ವಿಷ.

ರಾಲಿ_ಹಿತ್ತಲು

ಅಬ್ಬಾ, ಇಷ್ಟು ವಿವರ! ತುಂಬ ಥ್ಯಾಂಕ್ಸ್ ಅಣ್ಣಾ. ಜರ್ಸಿಯವರಿಗೆ: ಸ್ವಂತ ಮನೆ, ಗೋಡೆ ದೂರ ಇದೆ. ಲಾಳದ ಆಕಾರವೇ ಸರಿ ಅನ್ನಿಸುತ್ತಿದೆ. ಮುಚ್ಚಳ ತೆಗೆದಾಗ ಎಲ್ಲಿ ಇಡುವುದು? ಚಕ್ರ, ಎಣ್ಣೆ ಬಗ್ಗೆ ಏನೂ ಹೇಳಲಿಲ್ಲ ನೀವು.

ಪುತ್ತೂರು_ಹಲಸು (ಪುತ್ತೂರು)

ನಮ್ಮಲ್ಲಿ ಮನೆಯ ಹಿಂದೆ ಹಲಸಿನ ಹಲಗೆಯಲ್ಲಿ ಇಂಥದ್ದೇ ಮಾಡಿಸಿದ್ದೇವೆ. ಹೊಸದರಲ್ಲಿ ಅರಿಶಿನದ ಬಣ್ಣ, ಬರಬರುತ್ತಾ ಕಂದು. ಮಳೆಗಾಲದಲ್ಲಿ ಒಳಗೆ ತಳ್ಳುತ್ತೇವೆ, ಇಲ್ಲಿಯ ಮಳೆಗೆ ಯಾವ ಪಾಲಿಶೂ ನಿಲ್ಲುವುದಿಲ್ಲ ಮಾರಾಯ್ರೇ. ಹೇಳಲು ಬಂದದ್ದು ಬೇರೆ. ಬಲಗಡೆ ಹಲಗೆಯ ಬದಲು ಕಡಪ ಕಲ್ಲು ಕೂರಿಸಿದ್ದೇವೆ. ಬಿಸಿ ಮುಚ್ಚಳ, ಬಿಸಿ ಕಾವಲಿ ಎಲ್ಲ ಅಲ್ಲಿಗೆ. ನಿಮ್ಮ ಅಮ್ಮನಿಗೂ ಒಳ್ಳೆಯದು, ಕೋಳಿ ಮರದ ಕಡೆ, ಬದನೆಕಾಯಿ ಕಲ್ಲಿನ ಕಡೆ.

ಉಳಿ_ಸುತ್ತಿಗೆ

ಪುತ್ತೂರಿನವರ ಕಲ್ಲು ಒಳ್ಳೆಯ ಉಪಾಯ. ಒಂದೇ ಬದಲಾವಣೆ: ಕೋಳಿಯನ್ನು ಕಲ್ಲಿನ ಕಡೆ ಇಡಿ, ಬದನೆಕಾಯಿಯನ್ನು ಮರದ ಕಡೆ. ಹಸಿ ಮಾಂಸದ ನೀರು ಮರದ ಸಂದಿಗೆ ಇಳಿದರೆ ತೆಗೆಯುವುದು ಕಷ್ಟ, ಕಲ್ಲಾದರೆ ಸೋಪು ಹಾಕಿ ತೊಳೆದರೆ ಆಯಿತು. ಅಲ್ಲಿ ಕಡಪ ಸಿಗದಿದ್ದರೆ ಗ್ರಾನೈಟ್ ಅಂಗಡಿಯಲ್ಲಿ ಉಳಿದ ತುಂಡು ಕೇಳಿ, ಸಿಂಕ್‌ಗೆ ಕತ್ತರಿಸಿದ ಭಾಗ ಬಿದ್ದಿರುತ್ತದೆ. ಮುಚ್ಚಳದ ಒಳಗೊಂದು ಕೊಕ್ಕೆ ಇದೆ ನೋಡಿ, ಬೋಗುಣಿಯ ಅಂಚಿಗೆ ನೇತು ಹಾಕಲು. ಅದು ನೇತಾಡುವ ಪಕ್ಕದಲ್ಲಿ ಸಂದು ಇನ್ನೂ ಜಾಸ್ತಿ ಬಿಡಬೇಕಾಗುತ್ತದೆ. ಅದಕ್ಕೆ ಲಾಳದ ಬಾಯಿ ಇರುವ ಮುಂಭಾಗಕ್ಕೇ ನೇತು ಹಾಕಿ, ಇಲ್ಲವೇ ಕಲ್ಲಿನ ಮೇಲಿಡಿ.

ಚಕ್ರ: ಎರಡಿಂಚಿನ ಪುಟಾಣಿ ಕ್ಯಾಸ್ಟರ್ ಕಲ್ಲಿನ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಹುಲ್ಲಿನ ಮಾತು ಬಿಡಿ. ಒಂದು ತುದಿಗೆ ಎಂಟು ಹತ್ತು ಇಂಚಿನ ರಬ್ಬರ್ ಚಕ್ರ ಎರಡು, ಒಂದೇ ಅಚ್ಚಿನ ಮೇಲೆ. ಇನ್ನೊಂದು ತುದಿಗೆ ಬರೀ ಕಾಲು, ಮೇಲೆ ಎತ್ತಿ ಎಳೆಯಲು ಹಿಡಿ. ನಿಂತಾಗ ಅಲುಗಾಡುವುದಿಲ್ಲ. ಎಳೆಯುವ ಮೊದಲು ಕೆಟಲ್ ಇಳಿಸಿಬಿಡಿ, ಕೆಂಡ ಇದ್ದಾಗಂತೂ ಗಾಡಿ ಕದಲಿಸುವುದೇ ಬೇಡ. ನೆಲಕ್ಕೆ ತಾಗುವ ಕಾಲಿನ ತುದಿ ನೀರು ಹೀರುತ್ತದೆ, ಅಲ್ಲಿ ಎಪಾಕ್ಸಿ ಬಳಿಯಿರಿ. ಮೇಲಿನ ಹಲಗೆಗಳ ನಡುವೆ ಕಾಲು ಇಂಚು ಬಿಡಿ, ನಿಮ್ಮ ಸೆಕೆಗೆ ಉಬ್ಬುತ್ತವೆ.

ಎಣ್ಣೆ ಟಂಗ್ ಆದರೂ ಸರಿ, ಲಿನ್‌ಸೀಡ್ ಆದರೂ ಸರಿ, ವರ್ಷಕ್ಕೊಮ್ಮೆ ಹಚ್ಚಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಆ ಎಣ್ಣೆ ಒಣಗುವಾಗ ಬಿಸಿ ಏರಿ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಇಲ್ಲ ನೀರಿರುವ ಡಬ್ಬಿಗೆ ಹಾಕಿ.

ರಾಲಿ_ಹಿತ್ತಲು

ಕೋಳಿ ಕಲ್ಲಿಗೆ, ಬದನೆಕಾಯಿ ಮರಕ್ಕೆ ಅಂತ ಅಮ್ಮನಿಗೆ ಹೇಳಿದೆ. "ಎರಡಕ್ಕೂ ಬೇರೆ ಬೇರೆ ಇಕ್ಕಳ ಇದೆಯಾ?" ಅಂತ ಕೇಳಿದರು. ಹಾಗಾಗಿ ಗಾಡಿಯ ಎರಡೂ ಪಕ್ಕಕ್ಕೆ ಕೊಕ್ಕೆ ಬರುತ್ತದೆ. ಶನಿವಾರ ಸೈಪ್ರೆಸ್ ತರಲು ಹೋಗುತ್ತಿದ್ದೇನೆ.