ಮೈಎಸ್‌ಕ್ಯೂಎಲ್ 5.7ರಿಂದ 8.4ಕ್ಕೆ: ನಡುವಿನ ಆವೃತ್ತಿಯನ್ನೂ ಪರೀಕ್ಷಿಸಬೇಕೇ?

ಪ್ರಶ್ನೆ (ಮಡಿಕೇರಿ): ನಮ್ಮ ಕಾಫಿ ಖರೀದಿಯ ಲೆಕ್ಕವೆಲ್ಲ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ 5.7ನೇ ಆವೃತ್ತಿಯಲ್ಲಿದ್ದು, ಅದಕ್ಕೆ 2023ರ ಅಕ್ಟೋಬರ್‌ನಲ್ಲೇ ಬೆಂಬಲ ನಿಂತಿರುವುದರಿಂದ, ಕೊಯ್ಲು ಆರಂಭವಾಗುವ ಮುನ್ನ 8.4ಕ್ಕೆ ಹೋಗಬೇಕೆಂದಿದ್ದೇವೆ. ನೇರವಾಗಿ ಏರಿಸಬಹುದೇ?

ಉತ್ತರ (ವಿರಾಜಪೇಟೆ): ಆಗುವುದಿಲ್ಲ ಸರ್, ಮೊದಲು 8.0, ಅನಂತರವೇ 8.4. ಬ್ಯಾಕಪ್ ಅನ್ನು ಬೇರೊಂದು ಯಂತ್ರದಲ್ಲಿ ತೆರೆದು, ಪ್ರತಿ ಹಂತಕ್ಕೂ ಮುನ್ನ ಮೈಎಸ್‌ಕ್ಯೂಎಲ್ ಶೆಲ್‌ನ ಅಪ್‌ಗ್ರೇಡ್ ಚೆಕರ್ (ಹೊಸ ಆವೃತ್ತಿಗೆ ಹೊಂದದ ಅಂಶಗಳನ್ನು ಮೊದಲೇ ತೋರಿಸುವ ಸಾಧನ) ಓಡಿಸಿ, ನಿತ್ಯದ ವರದಿಗಳ ಮೊತ್ತವನ್ನು ಹಳೆಯದರೊಂದಿಗೆ ತಾಳೆ ನೋಡಿ. ‘ರ್‍ಯಾಂಕ್’ ಎಂಬ ಕಾಲಂ ಇದ್ದರೆ ಎಚ್ಚರ, 8.0ರಲ್ಲಿ ಅದು ಕಾಯ್ದಿರಿಸಿದ ಪದ, ಅಂದರೆ ತಂತ್ರಾಂಶವೇ ತನ್ನ ಆಜ್ಞೆಗಳಿಗೆ ಮೀಸಲಿಟ್ಟದ್ದು. (ಕಾಫಿಯ ದರ್ಜೆಗೆ ಅದೇ ಹೆಸರಿಟ್ಟು ನಾನು ಇಡೀ ಒಂದು ಸಂಜೆ ಕಳೆದುಕೊಂಡಿದ್ದೇನೆ.)

ಉತ್ತರ (ಸೋಮವಾರಪೇಟೆ): 8.4ರಲ್ಲಿ ಹಳೆಯ ನೇಟಿವ್ ಪಾಸ್‌ವರ್ಡ್ ಪ್ಲಗಿನ್ (ಲಾಗಿನ್ ವೇಳೆ ಪಾಸ್‌ವರ್ಡ್ ಪರಿಶೀಲಿಸುವ ಹಳೆಯ ಭಾಗ) ನಾವಾಗಿ ಸಕ್ರಿಯಗೊಳಿಸದ ಹೊರತು ನಿಷ್ಕ್ರಿಯವಾಗಿರುವುದರಿಂದ, ತೂಕದ ಕೌಂಟರಿನ ಹಳೆಯ ತಂತ್ರಾಂಶ ಲಾಗಿನ್ ಆಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. 8.0ಕ್ಕೆ ಏರಿದ ಮೇಲೆ 5.7ಕ್ಕೆ ಮರಳಲು ಹಳೆಯ ಬ್ಯಾಕಪ್ಪೇ ಗತಿ; ಅದನ್ನೂ ಒಮ್ಮೆ ತೆರೆದು ನೋಡಿರಿ.