‘ಕಟ್ಟಿದ ಪ್ಯಾಕೇಜ್’ ಅಂದರೆ ನಿಮಗೆ ಏನು ಅನಿಸುತ್ತದೆ?

ನಮಸ್ಕಾರ. ಲಿನಕ್ಸ್ (ವಿಂಡೋಸ್ ತರಹದ ಆಪರೇಟಿಂಗ್ ಸಿಸ್ಟಂ) ಕಲಿಯುವ ಹುಡುಗರಿಗೆ ಅಂತ ಹಾಸನದಲ್ಲಿ ನಾವು ಮೂರ್ನಾಲ್ಕು ಜನ ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇವೆ.

ವಿಷಯ ಇಷ್ಟು. ಒಂದು ಪ್ರೋಗ್ರಾಂ ಬೇಕಾದರೆ ಅದನ್ನು ಬರೆದವರ ಬರಹವನ್ನೇ, ಅಂದರೆ ಸೋರ್ಸ್ ಕೋಡ್, ತಂದು ನಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿಸಬಹುದು (ಅಂದರೆ ಕಂಪ್ಯೂಟರ್ ಓಡಿಸಬಲ್ಲ ‘ಬೈನರಿ’ ರೂಪಕ್ಕೆ ತರಿಸಬಹುದು), ಇಲ್ಲವೇ ಬೇರೆಯವರು ಕಂಪೈಲ್ ಮಾಡಿಟ್ಟ ಬೈನರಿ ಪ್ಯಾಕೇಜನ್ನು ಇಳಿಸಿಕೊಳ್ಳಬಹುದು. ಉಬುಂಟು ಅನ್ನುವ ಲಿನಕ್ಸಿನಲ್ಲಿ ಪ್ರೋಗ್ರಾಂ ತಂದು ಹಾಕಿಕೊಡುವ ಆಪ್ಟ್ ತರುವುದು ಎರಡನೆಯದು. ಜೆಂಟೂ ಅನ್ನುವ ಇನ್ನೊಂದು ಲಿನಕ್ಸ್ ಮೊದಲನೆಯದಕ್ಕೇ ಹೆಸರಾಗಿತ್ತು, ಆದರೆ 2023ರ ಡಿಸೆಂಬರಿನಿಂದ ಅಲ್ಲೂ ಬೈನರಿ ಪ್ಯಾಕೇಜುಗಳು ಧಾರಾಳವಾಗಿ ಸಿಗುತ್ತಿವೆ. ಹಾಗಾಗಿ ಒಂದೇ ಪುಟದಲ್ಲಿ ಎರಡನ್ನೂ ಹತ್ತು ಸಲ ಹೇಳಬೇಕು.

ನಾನು ಮೊದಲು ‘ಕಟ್ಟಿಸು’, ‘ಕಟ್ಟಿದ ಪ್ಯಾಕೇಜ್’ ಎಂದು ಬರೆದೆ. ‘ಮನೆ ಕಟ್ಟಿಸಿದೆ’, ‘ಕಟ್ಟಿದ ಮನೆ ತಗೊಂಡೆ’ ಅನ್ನುತ್ತೇವಲ್ಲ, ಆ ಲೆಕ್ಕ. ಗಾರೆ ಕೆಲಸದವರು ಕಟ್ಟಿದರೂ ಮನೆಯವರು ‘ಕಟ್ಟಿಸಿದೆ’ ಅನ್ನುತ್ತಾರೆ. ಇಲ್ಲೂ ಕಟ್ಟುವುದು ಕಂಪೈಲರ್, ನಾವು ಸುಮ್ನೆ ಕಾಯುವವರು. (ದೊಡ್ಡ ಬ್ರೌಸರ್ ಆದರೆ ಗಂಟೆಗಟ್ಟಲೆ ಕಾಯಬೇಕು, ಅದು ಬೇರೆ ಮಾತು.) ಕರಡು ಓದಿದ ಗೆಳತಿ ‘ಕಟ್ಟಿದ ಪ್ಯಾಕೇಜ್ ಅಂದ್ರೆ ದಾರ ಸುತ್ತಿದ್ದಾ?’ ಅಂದಳು. ನಿಜ, ಪೊಟ್ಟಣ ಕಟ್ಟುವುದೂ ಕಟ್ಟುವುದೇ, ಬುತ್ತಿ ಕಟ್ಟುವುದೂ ಅದೇ. ಸೋರ್ಸ್ ಕೋಡ್ ಕೂಡ ಗಂಟು ಕಟ್ಟಿಕೊಂಡೇ ಬರುತ್ತದೆ, ಅಲ್ವಾ?

‘ಸಂಕಲಿಸು’ ಬೇಡ. ಹುಡುಗರಿಗೆ ಅದು ಕೂಡುವ ಲೆಕ್ಕ. ‘ಮೂಲದಿಂದ’ ಅಂದರೆ ನಮ್ಮ ಕಡೆ ನಗುತ್ತಾರೆ, ಇಲ್ಲಿ ಮೂಲ ಅಂದರೆ ಕೂರಲಾಗದ ಕಾಯಿಲೆ. ಅದಕ್ಕೇ ‘ಸೋರ್ಸ್’ ಹಾಗೇ ಇಟ್ಟಿದ್ದೇವೆ.

ವ್ಯತ್ಯಾಸ ವಿವರಿಸಲು ಮಾತ್ರ ತೊಂದರೆ ಆಗಲಿಲ್ಲ. ಕಾಫಿಪುಡಿ ಅಂಗಡಿಯವರು ‘ಚಿಕೋರಿ ಎಷ್ಟು ಹಾಕಲಿ?’ ಅಂತ ಕೇಳಿ ಬೀಜ ಪುಡಿ ಮಾಡಿಕೊಡುತ್ತಾರೆ, ಬೇಡ ಅಂದರೆ ಬಿಡುತ್ತಾರೆ. ಪ್ಯಾಕೆಟ್ ಪುಡಿಯಲ್ಲಿ ಅವರು ಬೆರೆಸಿದ್ದೇ ಗತಿ. ಕಂಪೈಲ್ ಮಾಡಿಸುವಾಗ ಯಾವ ಸೌಲಭ್ಯ ಬೇಕು, ಯಾವುದು ಬೇಡ ಅಂತ ಆರಿಸುವ ಜೆಂಟೂವಿನ ಯೂಸ್ ಫ್ಲ್ಯಾಗ್ ಕೇಳುವುದೂ ಈ ಚಿಕೋರಿ ಪ್ರಶ್ನೆಯನ್ನೇ. ಮ್ಯಾಕಿನಲ್ಲಿ ಪ್ರೋಗ್ರಾಂ ತಂದು ಹಾಕಿಕೊಡುವ ಹೋಂಬ್ರೂದವರು (ಹೆಸರಿನ ಅರ್ಥವೇ ಮನೆಯಲ್ಲಿ ಮಾಡಿದ ಬಿಯರ್) ಬಿಯರ್ ಕಡೆ ಹೋಗಿ ಕಟ್ಟಿಟ್ಟ ಬೈನರಿಯನ್ನು ‘ಬಾಟಲ್’ ಅಂದುಬಿಟ್ಟಿದ್ದಾರೆ! ನಾವು ‘ಪ್ಯಾಕೆಟ್ ಪುಡಿ’ ಅಂದರೆ ಜಾಸ್ತಿ ಆಯಿತೇನೋ.

ಈಗ ಉಳಿದಿರುವುದು ‘ಸೋರ್ಸಿನಿಂದ ಕಟ್ಟಿಸು’ ಮತ್ತು ‘ಸಿದ್ಧ ಪ್ಯಾಕೇಜ್’, ‘ಸಿದ್ಧ ಉಡುಪು’ ಇದ್ದ ಹಾಗೆ. ಇದರಲ್ಲೂ ಒಂದು ತೊಡಕಿದೆ: ಸೋರ್ಸಿನಿಂದ ಕಟ್ಟಿಸಿ ಮುಗಿದಾಗಲೂ ಪರದೆಯಲ್ಲಿ ‘ಪ್ಯಾಕೇಜ್ ಸಿದ್ಧ’ ಅಂತಲೇ ಬರಬೇಕು. ಅಲ್ಲಿ ‘ಮುಗಿಯಿತು’ ಅಂತ ಬದಲಾಯಿಸುವುದೋ, ಇಲ್ಲಿ ‘ರೆಡಿಮೇಡ್’ ಅಂತಲೇ ಬಿಡುವುದೋ? ನಿಮ್ಮ ಕಡೆ ಹೇಗೆ ಹೇಳುತ್ತೀರಿ, ತಿಳಿಸಿ.